ಸೂರ್ಯನಿಗೆ ಬೇಲಿಯಿಲ್ಲ

ಕಿತ್ತೂರು
೩ ಆಗಸ್ಟ್ ೨೦೨೫

ಅಕ್ಕಾ,

ಫೋನ್ ಮಾಡಿ ಮಾಡಿ ಸೋತವಳು ಬರೆಯುತ್ತಿರುವ ಪತ್ರವಿದು. ಒಂದೂವರೆ ತಿಂಗಳಿಂದ ನಿನ್ನ ಫೋನ್ ಬಂದ್. ವಾರಕ್ಕೊಮ್ಮೆ ರಾಮದುರ್ಗದ ಬಸ್ಸಿನಲ್ಲಿ ಬುತ್ತಿ ಮಾತ್ರ ತಪ್ಪದೆ ಬರುತ್ತಿದೆ. ಡ್ರೈವರ್ ಬುಡನಸಾಬ ಕಾಕಾನನ್ನು ಕೇಳಿದರೆ, "ನಿಮ್ಮ ಅಕ್ಕ ಆರಾಮ ಅದಾಳವಾ. ರೊಟ್ಟಿ ನೋಡು, ತೆಳ್ಳಗ ಅದಾವಿಲ್ಲ? ಸಿಟ್ಟಿದ್ದವರ ರೊಟ್ಟಿ ದಪ್ಪ ಆಗತಾವು" ಎಂದು ನಗುತ್ತಾರೆ. ಆಮೇಲೆ ಗೇರು ಹಾಕುತ್ತಾರೆ.

ನಿನಗೆ ನನ್ನ ಮೇಲೆ ಸಿಟ್ಟೇ? ಹೋದ ವರ್ಷ ಸಾಲಹಳ್ಳಿಗೆ ಬಂದು ಗುಡಿಕಟ್ಟೆಯ ಮೇಲೆ ನಿಂತು ಮಾತಾಡಿದ್ದಕ್ಕೆ? ನಿನ್ನ ಸುತ್ತಲಿನ ಹೊಲದವರೆಲ್ಲ ಸೋಲಾರ್ ಕಂಪನಿಗೆ ಭೂಮಿಯನ್ನು ವರ್ಷದ ಬಾಡಿಗೆಗೆ ಲಾವಣಿ ಕೊಡಲು ಹಿಂದೆಮುಂದೆ ನೋಡುತ್ತಿದ್ದರು. ಕಲ್ಲಿದ್ದಲು ಸುಟ್ಟು ಸುಟ್ಟು ಈ ಭೂಮಿಯೇ ಹಂಚಾಗುತ್ತಿದೆ, ನಮ್ಮ ಎರೆಮಣ್ಣಿನ ಬಿಸಿಲಿಗೆ ಇಡೀ ಜಗತ್ತು ಕೈಚಾಚಿದೆ ಎಂದು ನಾನು ಹೇಳಿದೆ. "ಗಾಳಿ, ನೀರು, ಕಲ್ಲಿದ್ದಲು ಎಲ್ಲಕ್ಕೂ ಬೇಲಿ ಹಾಕಿದರು. ಸೂರ್ಯನಿಗೆ ಬೇಲಿಯಿಲ್ಲ!" ಎಂದಾಗ ಬಿದ್ದ ಚಪ್ಪಾಳೆ ಇನ್ನೂ ಕಿವಿಯಲ್ಲಿದೆ. ನಿನ್ನ ಅತ್ತೆ ಒಬ್ಬರೇ ಒಪ್ಪಲಿಲ್ಲ. ಇರಲಿ, ಆ ನಾಲ್ಕು ಎಕರೆಯಿಂದ ಚರಿತ್ರೆ ನಿಲ್ಲುವುದಿಲ್ಲ.

ಮೊನ್ನೆ ಬುಡನಸಾಬ ಕಾಕಾನ ಮಗಳು ನಿಲೋಫರ್ ಬಸ್ಸಿನ ಕಿಟಕಿಯಿಂದ ಒಂದು ಫೋಟೋ ತೆಗೆದು ಕಳಿಸಿದಳು. ಕಂಪನಿಯ ದೊಡ್ಡ ಹಲಗೆಯ ಮೇಲೆ ನನ್ನ ಸಾಲು! ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಊರವರ ಲಗ್ನಪತ್ರಿಕೆಗಳಿಗೆ ಅಚ್ಚುಮೊಳೆ ಕೂಡಿಸಿದಂತೆ ಅಕ್ಷರ ಜೋಡಿಸುತ್ತ ಕೂತಿದ್ದವಳಿಗೆ ಕಣ್ಣು ತುಂಬಿ ಬಂತು. ಅಪ್ಪ ಇದ್ದಿದ್ದರೆ ಎಂದುಕೊಂಡೆ.

ಡಬ್ಬಿಯನ್ನು ಖಾಲಿ ಮರಳಿಸಬಾರದು ಎಂದು ಅವ್ವ ಹೇಳುತ್ತಿದ್ದಳಲ್ಲ, ಅದಕ್ಕೆ ಈ ಪತ್ರ ಮತ್ತು ನನ್ನ ಹೊಸ ಕರಪತ್ರ ಇಟ್ಟಿದ್ದೇನೆ. ಉತ್ತರ ಬರಿ.

ನಿನ್ನ ತಂಗಿ
ಸಂಘಮಿತ್ರಾ

*

ಸಾಲಹಳ್ಳಿ, ಹೊಲದ ಮನೆ
೧೭ ಆಗಸ್ಟ್ ೨೦೨೫

ಮಿತ್ರಾ,

ಎಮ್ಮೆ ಆರಾಮ, ಅತ್ತೆ ಆರಾಮ, ನಾನೂ ಆರಾಮ.

ಸಿಟ್ಟೇನೂ ಇಲ್ಲ ಹುಚ್ಚಿ. ಫೋನಿಗೆ ಕರೆಂಟಿಲ್ಲ, ಅಷ್ಟೆ. ನಮ್ಮ ಮನೆಗೆ ಬರುತ್ತಿದ್ದ ಕಂಬಗಳನ್ನು ಸೋಲಾರ್ ಪ್ಲೇಟು ಹಾಕುವಾಗ ತೆಗೆದಿದ್ದಾರೆ. ಮತ್ತೆ ಹಾಕುತ್ತಾರಂತೆ. ಅತ್ತೆ ಕಂದೀಲು ಹುಡುಕಿ ತೆಗೆದು, "ನಾ ಲಗ್ನಾಗಿ ಬಂದಾಗ ಹಿಂಗ ಇತ್ತು. ಮತ್ತ ಹರೇ ಬಂತು ನೋಡು ನನಗ" ಎಂದು ಗಾಜು ಒರೆಸುತ್ತ ಕೂತಿದ್ದಾರೆ.

ಮನೆಯ ನಾಲ್ಕೂ ದಿಕ್ಕಿಗೆ ಪ್ಲೇಟುಗಳು. ಮುಂಜಾನೆ ನೋಡಿದರೆ ಕೆರೆ ತುಂಬಿದ ಹಾಗೆ ಕಾಣುತ್ತದೆ. ಕೊಕ್ಕರೆಗಳು ಮೋಸ ಹೋಗಿ ಇಳಿಯುತ್ತವೆ, ಕಾಲು ಸುಟ್ಟುಕೊಂಡು ಏಳುತ್ತವೆ. ನೋಡಲು ಚೆಂದವೇ.

ನಮ್ಮ ಮನೆಯವರಿಗೆ, ನಿನ್ನ ಮಾಮಾನಿಗೆ, ಕಂಪನಿಯಲ್ಲಿ ನೌಕರಿ ಸಿಕ್ಕಿದೆ. ಪ್ಯಾಂಟು, ಬೂಟು ಎಲ್ಲ ಕಂಪನಿಯದೇ. ಬುತ್ತಿಯ ಡಬ್ಬಿಯನ್ನು ಬಸ್ಸಿಗೆ ಕೊಡುವವರೂ ಇವರೇ. ರೊಟ್ಟಿಯ ಕೆಳಗೆ ಪತ್ರ ಇಟ್ಟಿದ್ದೇನೆ, ಖಾರದ ಎಣ್ಣೆ ತಾಗಿದರೆ ಬಯ್ಯಬೇಡ.

ನಿನ್ನ ಕರಪತ್ರ ಓದಿದೆ. ಜರ್ಮನಿ, ಚೀನಾ ಎಲ್ಲ ಬಂದಿವೆ. ಒಂದು ಮಾತು ಕೇಳುತ್ತೇನೆ, ನಗಬೇಡ. ನಮ್ಮ ಮನೆಯ ಸುತ್ತ ಹುಟ್ಟುವ ಈ ಕರೆಂಟು ಎಲ್ಲಿಗೆ ಹೋಗುತ್ತದೆ?

ನಿನ್ನ ಅಕ್ಕ
ಮಹಾನಂದಾ

*

ಕಿತ್ತೂರು
೭ ಸೆಪ್ಟೆಂಬರ್ ೨೦೨೫

ಅಕ್ಕಾ,

ನಗುವ ಪ್ರಶ್ನೆಯಲ್ಲ, ನೀನು ಕೇಳಿದ್ದು ಈ ಶತಮಾನದ ಪ್ರಶ್ನೆ! ನಿನ್ನ ಹೊಲದ ಸುತ್ತಲಿನ ಕರೆಂಟು ದೊಡ್ಡ ತಂತಿ ಹತ್ತಿ, ದೇಶದ ಎಲ್ಲ ಕರೆಂಟಿನ ಜೊತೆ ಕೂಡಿ ಹರಿಯುತ್ತದೆ. ಕಾರ್ಖಾನೆಗೆ, ರೈಲಿಗೆ, ಶಹರದವರ ತಂಪು ಮಾಡುವ ಯಂತ್ರಗಳಿಗೆ, ಕಂಪ್ಯೂಟರುಗಳನ್ನಷ್ಟೇ ಕೂಡಿಹಾಕಿದ ಹಗಲಿರುಳು ಗುಂಯ್‌ಗುಡುವ ಕಟ್ಟಡಗಳಿಗೆ. ಜಗತ್ತಿನ ಹಸಿವೆ ವರ್ಷ ವರ್ಷ ಹೆಚ್ಚುತ್ತಿದೆ. ಆ ಹಸಿವೆಗೆ ನಾವು ಬಿಸಿಲು ಬಡಿಸದಿದ್ದರೆ ಅವರು ಕಲ್ಲಿದ್ದಲನ್ನೇ ತಿನ್ನಿಸುತ್ತಾರೆ. ಶ್ರೀಮಂತ ದೇಶಗಳು ನೂರಾರು ವರ್ಷ ಹೊಗೆ ಬಿಟ್ಟು, ಈಗ ಸಭೆ ಕೂಡಿ, ಇನ್ನು ಯಾರು ಎಷ್ಟು ಬಿಡಬೇಕೆಂದು ಲೆಕ್ಕ ಹಾಕುತ್ತಿವೆ. ಅವರ ಮಾತಿಗೆ ಕಾಯುತ್ತ ಕೂಡಲು ನಮಗೆ ಸಮಯವಿಲ್ಲ.

ಕಂಬದ ವಿಷಯ, ಸ್ವಲ್ಪ ತಾಳಿಕೋ. ದೊಡ್ಡ ಕೆಲಸದಲ್ಲಿ ಸಣ್ಣ ತೊಂದರೆ ಇದ್ದದ್ದೇ.

ಈಗ ಒಂದು ಕೆಲಸ ಹೇಳುತ್ತೇನೆ. ಸವದತ್ತಿಯ ಕಡೆ ಮೂರು ಊರುಗಳಲ್ಲಿ ಕಂಪನಿಯ ಎರಡನೆಯ ಹಂತ ಬರಲಿದೆ. ಅಲ್ಲಿಯ ಜನ ಹೆದರಿದ್ದಾರೆ. ಅವರಿಗಾಗಿ ಕರಪತ್ರ ಬರೆಯುತ್ತಿದ್ದೇನೆ. ಬೈಲಹೊಂಗಲದ ಸಭೆಯಲ್ಲಿ ಕಂಪನಿಯ ಸಾಹೇಬರೇ ಹಿಂದಿಯಲ್ಲಿ, "ನಿಮ್ಮಂಥವರು ಹೇಳಿದರೆ ಜನ ಕೇಳುತ್ತಾರೆ ಮೇಡಂ" ಎಂದರು. ನನ್ನ ಮಾತು ಯಾಕೆ, ನಿನ್ನ ಮಾತು ಇರಲಿ. ನೀನು ಒಳಗಿನಿಂದ ನೋಡಿದವಳು. ಅಲ್ಲಿ ಬದುಕು ಹೇಗಿದೆ ಎಂದು ನಾಲ್ಕು ಸಾಲು ಬರೆದು ಕಳಿಸು. ಸುಳ್ಳು ಬೇಡ, ಇದ್ದದ್ದನ್ನೇ ಬರಿ.

ಮಿತ್ರಾ

*

ಸಾಲಹಳ್ಳಿ
೫ ಅಕ್ಟೋಬರ್ ೨೦೨೫

ಮಿತ್ರಾ,

ಎಮ್ಮೆ ಆರಾಮ, ಅತ್ತೆ ಆರಾಮ, ನಾನೂ ಆರಾಮ.

ಇದ್ದದ್ದನ್ನೇ ಬರಿ ಅಂದಿದ್ದೀ. ಬರೆಯುತ್ತೇನೆ.

ಇಲ್ಲಿ ಈಗ ಕಳ್ಳರ ಭಯವಿಲ್ಲ. ನಾವು ಮನೆಗೆ ಕೀಲಿ ಹಾಕುವುದನ್ನೇ ಬಿಟ್ಟಿದ್ದೇವೆ. ಹಾದಿಹೋಕರ ದನ ಬಂದು ಬೆಳೆಗೆ ಬಾಯಿ ಹಾಕುವುದಿಲ್ಲ. ಕುಡಿದವರ ಗಲಾಟೆ ಕೇಳಿಸುವುದಿಲ್ಲ. ಸಂಜೆ ಆರರ ಮೇಲೆ ಎಲ್ಲ ಶಾಂತ. ಯಾರೂ ಬರುವುದಿಲ್ಲ, ಯಾರೂ ಹೋಗುವುದಿಲ್ಲ. ಎಮ್ಮೆ ಮನೆಯ ಮುಂದೆಯೇ ಇರುತ್ತದೆ, ಮೇಯಿಸಲು ದೂರ ಹೊಡೆದುಕೊಂಡು ಹೋಗುವ ಕೆಲಸ ತಪ್ಪಿದೆ. ಗಂಡ ಕಣ್ಣಳತೆಯಲ್ಲೇ ದುಡಿಯುತ್ತಾನೆ.

ಇಷ್ಟು ಸಾಕಲ್ಲ? ಇದರಲ್ಲಿ ಒಂದೂ ಸುಳ್ಳಿಲ್ಲ. ಎರಡು ಸಲ ಓದಿ ಆಮೇಲೆ ಅಚ್ಚು ಹಾಕು.

ಮಹಾನಂದಾ

*

ಕಿತ್ತೂರು
೧೬ ನವೆಂಬರ್ ೨೦೨೫

ಅಕ್ಕಾ,

ಎರಡು ಸಲವಲ್ಲ, ಹತ್ತು ಸಲ ಓದಿದೆ! "ಮನೆಗೆ ಕೀಲಿ ಹಾಕುವುದನ್ನೇ ಬಿಟ್ಟಿದ್ದೇವೆ." ಇಂಥ ಸಾಲು ನನಗೆ ಜನ್ಮದಲ್ಲಿ ಬರೆಯಲು ಬರುವುದಿಲ್ಲ. ಕರಪತ್ರದ ನೆತ್ತಿಯ ಮೇಲೆ ಅದನ್ನೇ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಕೆಳಗೆ, ಸಾಲಹಳ್ಳಿಯ ರೈತ ಮಹಿಳೆಯ ಮಾತು ಎಂದಿದೆ. ಮೂರೂ ಊರುಗಳಲ್ಲಿ ಮನೆಮನೆಗೆ ಹಂಚಿದೆವು. ಓದಲು ಬಾರದವರಿಗೆ, ಇದು ನನ್ನ ಅಕ್ಕನ ಮಾತು ಎಂದು ನಾನೇ ಓದಿ ಹೇಳಿದೆ. ಹೆಂಗಸರು ತಲೆಯಾಡಿಸುತ್ತಿದ್ದರು.

ಮುಂದಿನ ತಿಂಗಳ ಎಳ್ಳ ಅಮವಾಸ್ಯೆಗೆ ನಾನು ಬರುತ್ತೇನೆ. ಹೊಲದಲ್ಲಿ ಭೂಮಿತಾಯಿಗೆ ಚರಗ ಚೆಲ್ಲದೆ ಎಷ್ಟು ವರ್ಷವಾಯಿತು! ಸಣ್ಣವರಿದ್ದಾಗ ನಾನು ಮುಂದೆ ಕಡುಬು, ಮೊಸರನ್ನ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗುವುದು, ನೀನು ಹಿಂದೆ ನೀರು ಚಿಮುಕಿಸುತ್ತ "ಚೆಲ್ಲಂಬರಿಗೋ" ಎನ್ನುವುದು. ಒಮ್ಮೆ ನೀನು ಬೇಕಂತಲೇ ಉತ್ತರ ಕೊಡದೆ ಸುಮ್ಮನಿದ್ದಿ. ಭೂಮಿತಾಯಿ ಹಸಿದುಕೊಂಡು ಹೋದಳು ಎಂದು ನಾನು ಅತ್ತದ್ದು ನೆನಪಿದೆಯೇ?

ಈ ಸಲ ಬಾಯಿ ಬಿಗಿಯಬೇಡ.

ಮಿತ್ರಾ

*

ಸಾಲಹಳ್ಳಿ
೧೪ ಡಿಸೆಂಬರ್ ೨೦೨೫

ಮಿತ್ರಾ,

ಎಮ್ಮೆ ಆರಾಮ. ಅತ್ತೆಗೆ ಸ್ವಲ್ಪ ನೆಗಡಿ.

ಈ ಸಲ ಅಮವಾಸ್ಯೆಗೆ ಬರಬೇಡ. ಮುಂದಿನ ವರ್ಷ ನೋಡೋಣ. ಎಳ್ಳ ಹೋಳಿಗೆ ಮಾಡಿ ಬಸ್ಸಿಗೆ ಕೊಡುತ್ತೇನೆ.

ಮಹಾನಂದಾ

*

ಕಿತ್ತೂರು
೨೦ ಡಿಸೆಂಬರ್ ೨೦೨೫

ಅಕ್ಕಾ,

ನೀನು ಬರಬೇಡ ಎಂದಿದ್ದೆ. ನಿನ್ನೆ ಬಂದೆ.

ಬಸ್ಸು ಇಳಿದಾಗ ಮೊದಲು ಕಂಡದ್ದು ನನ್ನ ಸಾಲು. ಆಳೆತ್ತರದ ಅಕ್ಷರ. ಸೂರ್ಯನಿಗೆ ಬೇಲಿಯಿಲ್ಲ. ಆ ಹಲಗೆಯನ್ನು ತಂತಿಯಿಂದ ಬೇಲಿಗೇ ಬಿಗಿದಿದ್ದಾರೆ. ನಿಲೋಫರಳ ಫೋಟೋದಲ್ಲಿ ಹಲಗೆಯಷ್ಟೇ ಇತ್ತು. ಬೇಲಿ ಎಷ್ಟು ದೂರ ಹೋಗಿದೆ ಎಂದು ಕಣ್ಣು ಚಾಚಿದೆ, ಕೊನೆ ಕಾಣಲಿಲ್ಲ. ನಿನ್ನ ಮನೆಗೆ ಹೋಗುತ್ತಿದ್ದ ಬಂಡಿದಾರಿ ಇದ್ದಲ್ಲಿ ಕಬ್ಬಿಣದ ಗೇಟು. ಗೇಟಿನಲ್ಲಿ ಖಾಕಿ ತೊಟ್ಟ ಕಾಡಪ್ಪ ಮಾಮಾ.

"ಮಾಮಾ!" ಎಂದೆ.

"ಪಾಸ್ ಐತೇನ್ರಿ?"

"ಮಾಮಾ, ನಾನು. ಮಿತ್ರಾ."

"ಯಾರನ್ನ ಭೆಟ್ಟಿ ಆಗಬೇಕ್ರಿ?" ಎಂದು ಜೋರಾಗಿ ಕೇಳಿ, ತಲೆ ಬಗ್ಗಿಸಿ ಕೀಲಿ ನೋಡುವವರಂತೆ ಮಾಡಿ ಮೆಲ್ಲಗೆ ಅಂದರು: "ಮ್ಯಾಲ ಕ್ಯಾಮೆರಾ ಐತವಾ. ಸಾಹೇಬ ನೋಡಾಕ ಹತ್ಯಾನ. ಪಾಸಿಲ್ಲದ ಬಿಟ್ರ ನನ್ನ ನೌಕರಿ ಹೋಕ್ಕೈತಿ. ನಾ ನಿನಗ ಹಿಂಗ ಕೇಳಿದೆ ಅಂತ ಅಕ್ಕಗ ಹೇಳಬ್ಯಾಡ, ನಿನ್ನ ಕಾಲ ಬೀಳತೇನಿ."

ಅವರ ಮಾತು ಮೀರಿ ನಿನಗೆ ಹೇಳುತ್ತಿದ್ದೇನೆ. ತಂಗಿ ಅಕ್ಕನ ಮನೆಗೆ ಹೋಗಲು ವಾರ ಮೊದಲು ಅರ್ಜಿ ಹಾಕಬೇಕಂತೆ. ನಾನು ಬೇಲಿಗುಂಟ ನಡೆದೆ. ಒಂದು ಕಡೆ ನಿಮ್ಮ ಬೇವಿನ ಮರದ ನೆತ್ತಿ ಕಂಡಿತು, ಮನೆ ಕಾಣಲಿಲ್ಲ. ಅಲ್ಲಿ ನಿಂತು ಗಂಟಲು ಹರಿಯುವ ಹಾಗೆ "ಹುಲ್ಲುಲ್ಲಿಗೋ" ಎಂದು ಕೂಗಿದೆ. ಮೂರು ಸಲ. ಉತ್ತರ ಬರಲಿಲ್ಲ.

ಎಷ್ಟು ದಿನದಿಂದ ನೀನು ಒಳಗಿದ್ದೀಯ? ನನಗೆ ಯಾಕೆ ಹೇಳಲಿಲ್ಲ? ಕೂಗು ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದೆಯೋ?

ನಾನು ಅಚ್ಚು ಹಾಕಿದ ಸಾಲನ್ನು ಈಗ ಓದಿದೆ ಅಕ್ಕಾ. ಈಗ ಓದಿದೆ.

ಮಿತ್ರಾ

*

ಸಾಲಹಳ್ಳಿ
೪ ಜನವರಿ ೨೦೨೬

ಮಿತ್ರಾ,

ಕೇಳಿಸಿತು.

ಅತ್ತೆ ಮುಂದೆ ಚರಗ ಚೆಲ್ಲುತ್ತಿದ್ದರು, ನಾನು ತಂಬಿಗೆ ಹಿಡಿದು ಹಿಂದೆ ಇದ್ದೆ. ನಿನ್ನ ದನಿ ಬಂದಾಗ ತಂಬಿಗೆಯ ನೀರನ್ನೆಲ್ಲ ಒಂದೇ ಕಡೆ ಸುರಿದುಬಿಟ್ಟೆ, ಚೆಲ್ಲಂಬರಿಗೋ ಎನ್ನಲು ಬಾಯಿ ಬರಲಿಲ್ಲ. ಅತ್ತೆ ನಿಂತುಬಿಟ್ಟರು.

"ಕೇಳಿತೇನ? ನಿಮ್ಮ ಮಾವ ಕರ್ಯಾಕತ್ಯಾರ!"

ಮಾವನನ್ನು ಮಣ್ಣು ಮಾಡಿದ ಗದ್ದಿಗೆ ಅದೇ ಬೇವಿನ ಬುಡದಲ್ಲಿದೆಯಲ್ಲ. ಆ ಗದ್ದಿಗೆಗಾಗಿಯೇ ಅತ್ತೆ ಹೊಲ ಕೊಡದೆ ಉಳಿದದ್ದು.

"ಅದು ಹೆಣ್ಣದನಿ ಅತ್ತಿ" ಎಂದೆ.

"ಮಣ್ಣಾಗ ಇದ್ದು ಇದ್ದು ದನಿ ಸಣ್ಣ ಆಗತೈತಿ ಬಿಡು. ಏನ ಕೇಳಾಕತ್ಯಾರ ಗೊತ್ತಾತೇನು? ಸುತ್ತಿನ ಹೊಲಕ್ಕ ಈ ಸಲ ಯಾರೂ ಚರಗ ಹಾಕಿಲ್ಲ. ಭೂಮಿ ಹಸದೈತಿ ಅನ್ನಾಕತ್ಯಾರ."

ನಾನು ಹಿಡಿಯುವಷ್ಟರಲ್ಲಿ ಬುಟ್ಟಿ ಎತ್ತಿಕೊಂಡು ನಮ್ಮ ಬದುವಿನ ತಂತಿಯ ಹತ್ತಿರ ಓಡಿದರು. ಸಜ್ಜೆ ಕಡುಬು, ಬದನೆಕಾಯಿ ಪಲ್ಯ, ಮೊಸರನ್ನ ಎಲ್ಲವನ್ನೂ ಪ್ಲೇಟುಗಳ ಮೇಲೆ ತೂರಿದರು. "ಉಣ್ಣವಾ, ಉಣ್ಣು, ನಿನ್ನ ಮಾಲಕರು ಮರತಾರ" ಎಂದು ಹಾಡಿನ ಹಾಗೆ ಹೇಳುತ್ತ. ಅಷ್ಟು ಸಂತೋಷ ಅವರ ಮುಖದಲ್ಲಿ ಇತ್ತೀಚೆಗೆ ನೋಡಿರಲಿಲ್ಲ.

ಮೊದಲು ಕಾಗೆ ಬಂದವು, ಆಮೇಲೆ ಮಂಗಗಳ ಹಿಂಡು. ಕಡುಬಿಗಾಗಿ ಪ್ಲೇಟಿನಿಂದ ಪ್ಲೇಟಿಗೆ ಹಾರಿ ಎರಡು ಸಾಲು ಸೀಳಿಹೋದವು. ಮರುದಿನ ಸಾಹೇಬ ಬಂದ. ನಾಲ್ಕು ಎಕರೆ ಕೊಡಿ, ಇಲ್ಲವಾದರೆ ಪೋಲೀಸ್ ದೂರು ಎಂದು ಹೇಳಿ ಹೋಗಿದ್ದಾನೆ. ಯುಗಾದಿಯವರೆಗೆ ಗಡುವು.

ಇನ್ನು ಮುಚ್ಚಿಡುವುದೇನಿದೆ? ಬಂಡಿದಾರಿಯನ್ನು ಯಾರ ಹೊಲದ ಉತಾರದ ಕಾಗದದಲ್ಲೂ ಬರೆದಿರಲಿಲ್ಲ. ಹಿರಿಯರ ಕಾಲದಿಂದ ಮಂದಿಯ ಬದುವಿನ ಮೇಲೆ ನಡೆದದ್ದು, ಅಷ್ಟೆ. ಜೂನ್ ತಿಂಗಳಲ್ಲಿ ಬೇಲಿ ಬಂತು. ಸಂಜೆ ಆರಕ್ಕೆ ಗೇಟಿಗೆ ಕೀಲಿ. ನಮಗೆ ಪಾಸ್ ಇದೆ, ಎಮ್ಮೆಗೆ ಇಲ್ಲ. ಅಂದಿನಿಂದ ಅದು ಹೊರಗೆ ಕಾಲಿಟ್ಟಿಲ್ಲ. ಮೊದಮೊದಲು ದಿನಾ ಗೇಟಿನ ದಿಕ್ಕಿಗೆ ಮುಖ ಮಾಡಿ ಒದರುತ್ತಿತ್ತು. ಈಗ ಒದರುವುದಿಲ್ಲ.

ನಗುವ ಮಾತೂ ಒಂದಿದೆ. ಸಾಹೇಬ ಎದುರಿಗಿದ್ದರೆ ನಿನ್ನ ಮಾಮಾ ನನ್ನನ್ನೂ ಕೇಳಬೇಕು. "ಯಾರ್ರಿ ನೀವು? ಎಲ್ಲಿಗೆ ಹೊಂಟೀರಿ?" "ಉಪ್ಪು ತರಾಕ್ರಿ." "ಗಂಡನ ಹೆಸರೇನ್ರಿ?" ಗಂಡನ ಹೆಸರನ್ನು ಗಂಡನಿಗೇ ಹೇಗೆ ಹೇಳಲಿ? ಒಂದು ದಿನ ಲಗ್ನದಲ್ಲಿ ಹೇಳುವ ಹಾಗೆ ಒಡಪು ಹಾಕಿಬಿಟ್ಟೆ:

ಸುತ್ತೂ ಕಡೆ ಕನ್ನಡಿ ಸಾಲು, ನಡುವ ನಮ್ಮ ಬಾಗಲ,
ಕಾಡಪ್ಪನವರ ಹೆಸರ ಹೇಳತೇನಿ ಗೇಟ ತಗಿಯೂ ಮೊದಲ.

ಸಾಹೇಬನಿಗೆ ಕನ್ನಡ ಬಾರದು. ನಿನ್ನ ಮಾಮಾ ನಗು ತಡೆಯಲಾರದೆ ಕೀಲಿ ಬೀಳಿಸಿದರು. ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ.

ನಿನಗೆ ಹೇಳಲಿಲ್ಲ, ಹೌದು. ಹಲಗೆಯ ಮೇಲೆ ನಿನ್ನ ಸಾಲು ನೋಡಿ ಕಣ್ಣು ತುಂಬಿ ಬಂತೆಂದು ಬರೆದಿದ್ದೆಯಲ್ಲ. ಅದರ ಮೇಲೆ ಹೇಗೆ ಹೇಳಲಿ?

ಮಹಾನಂದಾ

*

ಕಿತ್ತೂರು
೧೮ ಜನವರಿ ೨೦೨೬

ಅಕ್ಕಾ,

ಸರಕಾರಿ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದೆ. ನಕಾಶೆ ಹರಡುತ್ತಾರೆ, ಬೆರಳು ಆಡಿಸುತ್ತಾರೆ, "ಇಲ್ಲೆ ದಾರಿನ ಇಲ್ಲಲ್ರಿ" ಎನ್ನುತ್ತಾರೆ. ನಾವು ಅದರ ಮೇಲೆ ನಡೆದದ್ದು ಸುಳ್ಳೇ? ನಿನ್ನ ಲಗ್ನದ ಬಂಡಿ ಗಾಳಿಯಲ್ಲಿ ಹೋಯಿತೇ?

ಇನ್ನು ನಾನು ಸುಮ್ಮನಿರುವುದಿಲ್ಲ. ಎರಡನೆಯ ಹಂತ ಬೇಡ, ಸೋಲಾರೇ ಬೇಡ ಎಂದು ಕರಪತ್ರ ಬರೆದೆ. ಪ್ರೆಸ್ಸಿಗೆ ಒಬ್ಬ ಕಲ್ಲುಕ್ವಾರಿಯ ಮಾಲಕ ಬಂದಿದ್ದ. ಬಿಸಿಲು ಹೆಚ್ಚಾಗಿದೆ ಎನ್ನುವುದೇ ಸುಳ್ಳು ಎಂದು ನನ್ನನ್ನು ಸಭೆಯಲ್ಲಿ ಹೀಯಾಳಿಸಿದ್ದ ಅದೇ ಮನುಷ್ಯ. "ಈಗ ಹಾದೀಗೆ ಬಂದಿ ನೋಡು ತಂಗಿ. ಬರಿ, ಎಷ್ಟ ಬೇಕಾದಷ್ಟು ಛಾಪಿಸು, ಕಾಗದ ನಂದು" ಎಂದ.

ಅವನು ಹೋದ ಮೇಲೆ ಬರೆದದ್ದನ್ನು ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಬರೆದರೆ ಇವನ ಕೈಗೆ ಕೋಲು ಕೊಟ್ಟಂತೆ. ಬರೆಯದಿದ್ದರೆ ನಿನ್ನ ಗೇಟಿಗೆ ನಾನೇ ಕೀಲಿ ಹಾಕಿದಂತೆ. ನನ್ನ ಸುತ್ತಲೂ ಬೇಲಿ ಬಂದಿದೆ ಅಕ್ಕಾ, ಅದರ ಮೇಲೂ ನನ್ನದೇ ಅಕ್ಷರ.

ಮಿತ್ರಾ

*

ಸಾಲಹಳ್ಳಿ
೨೫ ಜನವರಿ ೨೦೨೬

ಮಿತ್ರಾ,

ಕಾಗದ ಹರಿದದ್ದು ಒಳ್ಳೆಯದಾಯಿತು.

ಬಿಸಿಲು ಹೆಚ್ಚಾದದ್ದು ಸುಳ್ಳಲ್ಲ. ಕರಪತ್ರ ಓದಿ ಹೇಳುತ್ತಿಲ್ಲ, ಹೋದ ಬೇಸಿಗೆಯಲ್ಲಿ ಎಮ್ಮೆಯ ಮೈಮೇಲೆ ಗೋಣಿತಟ್ಟು ಒದ್ದೆ ಮಾಡಿ ಹೊದಿಸಿದವಳು ನಾನು. ಬೆಳೆಯ ಹೂವು ನಿಂತಲ್ಲೇ ಸುಟ್ಟದ್ದನ್ನು ನೋಡಿದವಳು. ಆ ಕ್ವಾರಿಯವನು ಹೇಳಲಿ ನನ್ನ ಮುಂದೆ.

ನನಗೆ ಬೇಕಾದದ್ದು ಒಂದು ಬಂಡಿ ಹೋಗುವಷ್ಟು ಹಾದಿ, ಮನೆಗೊಂದು ಕಂಬ. ಹಾದಿ ಕೇಳಿದರೆ ಸೂರ್ಯನನ್ನು ಬೈದಂತೆ ಆಗುತ್ತದೆಯೇ? ನೀನು ಓದಿದ ಪುಸ್ತಕದಲ್ಲಿ ಹಾಗೆ ಬರೆದಿದ್ದರೆ ಆ ಪುಸ್ತಕ ತಪ್ಪು.

ಅತ್ತೆ ಹೆಬ್ಬೆಟ್ಟು ಒತ್ತುವುದಿಲ್ಲ. "ಪೋಲೀಸರ ಬಂದ್ರ ಬರ್ಲಿ, ಅವರಿಗೂ ಪಾಸ್ ಕೇಳು" ಎಂದು ಮಗನಿಗೆ ಹೇಳಿದ್ದಾರೆ.

ಮಹಾನಂದಾ

*

ಕಿತ್ತೂರು
೧೫ ಫೆಬ್ರುವರಿ ೨೦೨೬

ಅಕ್ಕಾ,

ಹಾದಿಯ ವಿಷಯದಲ್ಲಿ ಒಳ್ಳೆಯ ಸುದ್ದಿ ಬರಬಹುದು. ಬೇಗನೆ. ಹೇಗೆ, ಯಾಕೆ ಎಂದು ಕೇಳಬೇಡ.

ಇಪ್ಪತ್ತನೇ ತಾರೀಖು ಸವದತ್ತಿಯಲ್ಲಿ ಸಭೆ ಇದೆ. ನಾನೂ ಮಾತಾಡುತ್ತೇನೆ. ಏನು ಮಾತಾಡುತ್ತೀ ಎಂದೂ ಕೇಳಬೇಡ.

ಎಮ್ಮೆಗೆ ಹಿಂಡಿ ಕಳಿಸಿದ್ದೇನೆ, ಬುಡನಸಾಬ ಕಾಕಾನ ಹತ್ತಿರ.

ಮಿತ್ರಾ

*

ಕಿತ್ತೂರು
೨೨ ಫೆಬ್ರುವರಿ ೨೦೨೬

ಅಕ್ಕಾ,

ಈ ಪತ್ರ ಓದಿ ಮುಗಿಸಿದ ಮೇಲೆ ಬುತ್ತಿ ಕಳಿಸುವುದನ್ನು ನಿಲ್ಲಿಸಿದರೂ ನಾನು ಏನೂ ಅನ್ನುವುದಿಲ್ಲ.

ಸಾಹೇಬ ಕಿತ್ತೂರಿಗೆ ಬಂದಿದ್ದ. ಸವದತ್ತಿಯ ಸಭೆಯಲ್ಲಿ ನಾನು ಮೊದಲಿನಂತೆಯೇ ಮಾತಾಡಿದರೆ ನಿಮ್ಮ ಮೇಲಿನ ದೂರು ಹಿಂದಕ್ಕೆ, ಅದೇ ದಿನ ಸಂಜೆ ಬಂಡಿದಾರಿ ತೆರವು ಎಂದ. ಎರಡೇ ಮಾತು ಸಾಕಂತೆ. ನಾನು ಹೂಂ ಅಂದೆ. ನಿನಗೆ ತಿಳಿಸಲಿಲ್ಲ. ಸಭೆಯ ಹಿಂದಿನ ದಿನ ಬಂದ ಡಬ್ಬಿಯಲ್ಲಿ ಪತ್ರವಿರಲಿಲ್ಲ, ಶೇಂಗಾ ಹೋಳಿಗೆಯಷ್ಟೇ ಇತ್ತು. ಏನೂ ಗೊತ್ತಿಲ್ಲದೆ ಕಳಿಸಿದ್ದಾಳಲ್ಲ ಎಂದು ತಿನ್ನುತ್ತ ಕಣ್ಣೀರು ಹಾಕಿದೆ.

ಸಭೆ ತುಂಬಿತ್ತು. ಮೂರೂ ಊರಿನವರು ಸಹಿ ಹಾಕಲು ತಯಾರಾಗಿ ಬಂದಿದ್ದರು. ನಾನು ಎದ್ದು ನಿಂತು ಕಲ್ಲಿದ್ದಲಿನಿಂದ ಆರಂಭಿಸಿದೆ. ಮಾತು ತಾನೇ ಹರಿಯಿತು, ಬಾಯಿಪಾಠವಲ್ಲವೇ. ಆಗ ಮುಂದಿನ ಸಾಲಿನಿಂದ ಕೃಷ್ಣವ್ವ ಎನ್ನುವ ಮುದುಕಿ ಎದ್ದಳು. ಕೈಯಲ್ಲಿ ನಮ್ಮ ಕರಪತ್ರ. ಮಡಿಚಿ ಮಡಿಚಿ ಅರಿವೆಯ ಹಾಗಾಗಿತ್ತು.

"ಯವ್ವಾ, ನಮ್ಮ ಮೊಮ್ಮಗಳು ಓದಿ ಹೇಳ್ಯಾಳ. ನಿಮ್ಮ ಅಕ್ಕ ಖರೇನ ಅಷ್ಟು ಸುಖದಾಗ ಅದಾಳೇನು? ಮನೀಗೆ ಕೀಲೀನ ಹಾಕೂದಿಲ್ಲಂತ?"

ಸಾಹೇಬ ನನ್ನ ಮುಖ ನೋಡುತ್ತಿದ್ದ. ಹೌದು ಎನ್ನುವ ಒಂದೇ ಶಬ್ದ. ಅದನ್ನಂದರೆ ಸಂಜೆಗೆ ನಿನ್ನ ಗೇಟು ತೆರೆಯುತ್ತಿತ್ತು.

"ಕೀಲಿ ಐತ್ರೀ ಅಮ್ಮಾ" ಎಂದೆ. "ಹೊರಗಿಂದ ಐತಿ."

ಆಮೇಲೆ ಎಲ್ಲವನ್ನೂ ಹೇಳಿದೆ. ಗೇಟು, ಪಾಸು, ಕಂಬ, ಎಮ್ಮೆ. ಸೋಲಾರ್ ಬೇಡ ಎನ್ನಲಿಲ್ಲ. ಬಿಸಿಲು ಕೊಡಿ, ಆದರೆ ಮೊದಲು ಬಂಡಿದಾರಿಯನ್ನು ಕಾಗದದಲ್ಲಿ ಬರೆಸಿಕೊಳ್ಳಿ, ಒಂದು ಮನೆಯೂ ನಡುವೆ ಸಿಕ್ಕಿಬೀಳಬಾರದು, ಒಂದು ಕಂಬವೂ ಕೀಳಬಾರದು ಎಂದೆ. ನೀನು ಹೇಳಿದ್ದನ್ನೇ ಹೇಳಿದೆ. ಒಬ್ಬರೂ ಸಹಿ ಹಾಕಲಿಲ್ಲ. ಸಾಹೇಬ ಇಳಿದು ಹೋಗುವಾಗ ನನ್ನ ಹತ್ತಿರ ನಿಂತು, ಹಿಂದಿಯಲ್ಲಿ, ಅಕ್ಕನಿಗೆ ನೀವೇ ತಿಳಿಸಿಬಿಡಿ ಎಂದ.

ತಿಳಿಸಿದ್ದೇನೆ. ನಿನ್ನ ಹಾದಿಯನ್ನು ನಾನು ಎರಡು ಸಲ ಮುಚ್ಚಿದೆ. ಮೊದಲ ಸಲ ಗೊತ್ತಿಲ್ಲದೆ, ಈ ಸಲ ಗೊತ್ತಿದ್ದೇ.

ಸಂಘಮಿತ್ರಾ

*

ಸಾಲಹಳ್ಳಿ
೧೫ ಮಾರ್ಚ್ ೨೦೨೬

ಮಿತ್ರಾ,

ಎಮ್ಮೆ ಆರಾಮ. ಅತ್ತೆ ಆರಾಮ. ನನ್ನದನ್ನು ಕೊನೆಗೆ ಬರೆಯುತ್ತೇನೆ.

ಮೂರು ವಾರ ಬುತ್ತಿ ಬರಲಿಲ್ಲವೆಂದು ಏನೇನೋ ತಿಳಿದಿರುತ್ತೀ. ನಿನ್ನ ಮಾಮಾನನ್ನು ಗೇಟಿನಿಂದ ತೆಗೆದು ಪ್ಲೇಟು ತೊಳೆಯುವ ಕೆಲಸಕ್ಕೆ ಹಾಕಿದ್ದಾರೆ. ಅದಕ್ಕೇ ಡಬ್ಬಿ ಬಸ್ಸಿಗೆ ಮುಟ್ಟಿಸುವವರು ಇರಲಿಲ್ಲ. ಹೊಸ ಕಾವಲುಗಾರ ಯಾವ ಸೀಮೆಯವನೋ. ನನ್ನ ಹೆಸರು, ಗಂಡನ ಹೆಸರು ದಿನಾ ಖರೆ ಖರೆ ಕೇಳುತ್ತಾನೆ. ಒಡಪು ಹಾಕಿದರೆ ನಗುವವರಿಲ್ಲ. ಇವತ್ತು ನಾನೇ ಬಸ್ಸಿಗೆ ಕಾದು ನಿಂತು ಡಬ್ಬಿ ಕೊಡುತ್ತೇನೆ.

ಯುಗಾದಿ ನಾಲ್ಕು ದಿನ ಉಳಿಯಿತು. ದೂರು ಕೊಡುತ್ತಾರೋ ಏನೋ ಗೊತ್ತಿಲ್ಲ. ಅತ್ತೆ ಪೋಲೀಸರಿಗೆಂದು ಬೇವು ಬೆಲ್ಲ ಬೇರೆ ತೆಗೆದಿಟ್ಟಿದ್ದಾರೆ. "ಬೇವ ಮೊದಲ ತಿನ್ನಸ್ತೇನಿ" ಎನ್ನುತ್ತಾರೆ. ಸವದತ್ತಿ ಕಡೆಯ ಊರುಗಳಲ್ಲಿ ಕಂಪನಿಯವರು ಬಂಡಿದಾರಿಯನ್ನು ಕಾಗದದಲ್ಲಿ ಬರೆದುಕೊಟ್ಟರು ಎಂದು ಬುಡನಸಾಬ ಕಾಕಾ ಹೇಳಿ ಕಳಿಸಿದರು. ಅತ್ತೆಗೆ ಹೇಳಿದೆ. ಕಂದೀಲಿನ ಗಾಜು ಒರೆಸುತ್ತ, "ನಮ್ಮ ಹಾದಿ ಅಲ್ಲಿಗೆ ಹೋತು ಹಂಗಾರ" ಎಂದರು.

ಸಾಹೇಬ ನಿನ್ನನ್ನು ಕೇಳುವ ಮೊದಲೇ ನಿನ್ನ ಮಾಮಾನಿಗೆ ಹೇಳಿದ್ದ. ನನಗೆ ಎಲ್ಲ ಗೊತ್ತಿತ್ತು. ಅದಕ್ಕೇ ಆ ಡಬ್ಬಿಯಲ್ಲಿ ಪತ್ರವಿರಲಿಲ್ಲ. ಹೂಂ ಅನ್ನು ಎಂದು ಬರೆಯಲು ಕೈ ಬರಲಿಲ್ಲ, ಬೇಡ ಎಂದು ಬರೆಯಲೂ ಬರಲಿಲ್ಲ. ಹೋಳಿಗೆ ಮಾಡಿದೆ.

ನೀನು ಮಾಡಿದ್ದು ಸರಿ. ನೂರು ಮಂದಿಯ ಮುಂದೆ ಕೇಳಿದರೂ ಸರಿ ಎನ್ನುತ್ತೇನೆ. ನೀನು ಹೂಂ ಅನ್ನಬಾರದು ಎಂದು ಸಭೆಯ ದಿನ ಮುಂಜಾನೆ ಮಾವನ ಗದ್ದಿಗೆಗೆ ಕೈಮುಗಿದೆ.

ಅದೇ ದಿನ ಸಂಜೆ ಎಮ್ಮೆಯ ಹಗ್ಗ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಗೇಟಿನ ಕಡೆ ಮುಖ ಮಾಡಿ, ಆರು ಹೊಡೆಯುವವರೆಗೂ ಅಂಗಳದಲ್ಲಿ ನಿಂತಿದ್ದೆ.

ಅಕ್ಕ